ಆರನೆಯ ಪ್ರತಿ

ಬೆರಳಚ್ಚು ಯಂತ್ರದ ಕೆಳಗೆ ಮಡಿಸಿದ ಕಂಬಳಿ,
ಕಿಟಕಿಗೆ ಇನ್ನೊಂದು.
ಹಗಲೆಲ್ಲ ಮೀನು ಸಂಘದ ಲೆಕ್ಕ ಕುಟ್ಟಿದ ಬೆರಳು
ರಾತ್ರಿ ಆಲ್ವೀನೆ ಕಾಸ್ಕಳ ಮಾತು ಕುಟ್ಟುತ್ತಿತ್ತು.
ಹೀಯುಮಾ ದ್ವೀಪ, ಎಪ್ಪತ್ತಮೂರರ ಚಳಿಗಾಲ.
ಗಡಿ ಕಾವಲಿನ ದೀಪ ಕಡಲನ್ನು ಗುಡಿಸಿ ಗುಡಿಸಿ
ನಮ್ಮ ಬೇಲಿಯ ಜುನಿಪರ್ ಗಿಡಕ್ಕೆ ಬಂದು ನಿಲ್ಲುತ್ತಿತ್ತು;
ನಾನೂ ನಿಲ್ಲುತ್ತಿದ್ದೆ, ವಾಕ್ಯದ ನಡುವೆ, ಉಸಿರು ಹಿಡಿದು.

ಆಲ್ವೀನೆಯ ಪುಸ್ತಕ ಯಾವ ಅಚ್ಚುಕೂಟವನ್ನೂ ಕಂಡದ್ದಲ್ಲ.
ಶಾಲೆಯಿಂದ ತೆಗೆದುಹಾಕಿದ ಮೇಲೆ ಆ ಟೀಚರಮ್ಮ
ಸರ್ಕಾರಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಬರೆದದ್ದು.
ಸಗಣಿ, ಮಂಜು, ಕ್ರಿಸ್ತ, ಎಲ್ಲ ಒಂದೇ ಪುಟದಲ್ಲಿ.
"ಪ್ರಾರ್ಥನೆ ಬಾರದಿದ್ದರೆ ಬಕೆಟ್ಟು ತೊಳೆ,
ಆತ ಬಂದಾಗ ಅದಾದರೂ ಚೊಕ್ಕವಾಗಿರಲಿ."
ಇಂಥ ಮಾತು.
ಚರ್ಚಿನ ಮಾತಿನ ಹಾಗಿರಲಿಲ್ಲ, ಅದಕ್ಕೇ ನಂಬಿದೆವು.

ಈರುಳ್ಳಿ ಸಿಪ್ಪೆಯಷ್ಟು ತೆಳು ಹಾಳೆ ಆರು,
ನಡುನಡುವೆ ಕಾರ್ಬನ್ ಐದು.
ಮೊದಲ ಪ್ರತಿ ಕಪ್ಪಗೆ, ಪಾದ್ರಿಗೆ.
ಎರಡು, ಮೂರು, ದೋಣಿ ದಾಟಿ ತಾಲಿನ್ನಿಗೆ.
ಆರನೆಯದು
ಗಾಜಿನ ಮೇಲೆ ಊದಿದ ಉಸಿರು.
ಕಣ್ಣಿದ್ದವರು ಓದಿಕೊಳ್ಳಲಿ.

ನಮ್ಮ ನುಡಿಯಲ್ಲಿ ಲೆಯ್ಬ್ ಅಂದರೆ ರೊಟ್ಟಿ.
ಲೆಯ್ನ್ ಅಂದರೆ ಅಳಲು, ಸತ್ತವರಿಗಾಗಿ.
ಯಂತ್ರದಲ್ಲಿ ಬೀ ಕೀಲಿಗೂ ಎನ್ ಕೀಲಿಗೂ ಮಗ್ಗುಲ ಮನೆ.
ಬೆಳಗಿನ ಜಾವ ಮೂರಕ್ಕೆ ಬೆರಳು ಜಾರಿತು.
ಆಲ್ವೀನೆ ಬರೆದದ್ದು,
"ಆತ ನಮ್ಮ ರೊಟ್ಟಿಯನ್ನು ಮುರಿದು ಹಂಚುತ್ತಾನೆ."
ನಾನು ಕುಟ್ಟಿದ್ದು,
"ಆತ ನಮ್ಮ ಅಳಲನ್ನು ಮುರಿದು ಹಂಚುತ್ತಾನೆ."
ಬ್ಲೇಡಿನಿಂದ ಹೆರೆದು ಐದು ಪ್ರತಿ ತಿದ್ದಿದೆ.
ಆರನೆಯದರ ಹೊತ್ತಿಗೆ ನಿದ್ದೆ ಬಂತು.

ಅದು ಹೋದದ್ದು ಮೇತಾಳ ಕೈಗೆ.
ಮೀನು ಸುಡುವ ಹೊಗೆಗೂಡಿನಲ್ಲಿ ಕೆಲಸ, ಹಣೆಯಲ್ಲೂ ಮಸಿ.
ಹಿಂದಿನ ಮಾರ್ಚಿಯಲ್ಲಿ ಮಂಜುಗಡ್ಡೆ ಬಿರಿದು ಅವಳ ಉಕು ಹೋಗಿದ್ದ,
ಹತ್ತೊಂಬತ್ತು ವರ್ಷ,
ಸಿಕ್ಕಿದ್ದು ಒಂದು ಕೈಗವಸು.
ಅಂದಿನಿಂದ ಬಾಗಿಲಿಗೆ ಅಗುಳಿ.
ಅಳಲನ್ನು ಒಬ್ಬಳೇ ತಿನ್ನುತ್ತಿದ್ದಳು, ಜಿಪುಣಿಯ ಹಾಗೆ,
ಯಾರಿಗೂ ಒಂದು ಚೂರು ಕೊಡದೆ.

ಒಂದು ಭಾನುವಾರ ನನ್ನ ಮನೆಗೆ ಬಂದಳು.
ಕೈಗವಸನ್ನು ಮೇಜಿನ ಮೇಲಿಟ್ಟಳು.
"ಹಿಡಿ" ಅಂದಳು, "ನಿನ್ನ ಪಾಲು."
ಹಿಡಿದೆ. ಉಪ್ಪುಗಟ್ಟಿ ಬಿರುಸಾಗಿತ್ತು ಉಣ್ಣೆ.
ಆಮೇಲೆ ಎದುರುಮನೆ, ಆಮೇಲೆ ಅಂಚೆಯವನು,
ಕೊನೆಗೆ ರೂಬೆನ್, ಆ ದಿನ ಉಕುವಿನ ಜೊತೆ ಹೋಗಿ
ಒಬ್ಬನೇ ಮರಳಿದವನು,
ಮರಳಿದ್ದಕ್ಕೆ ದಿನವೂ ಕುಡಿಯುತ್ತಿದ್ದವನು.
ಅವನ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಳೋ ಗೊತ್ತಿಲ್ಲ.
ಸಂಜೆ ಅವನ ಚಿಮಣಿಯಲ್ಲಿ ಹೊಗೆ ಕಂಡಿತು.

ಹೇಳಬೇಕಿತ್ತು ನಾನು. ಹೇಳಲಿಲ್ಲ.
ದೇವರ ಮಾತೆಂದು ಅವಳು ಎದೆಗೊತ್ತಿಕೊಂಡದ್ದು
ನನ್ನ ತೂಕಡಿಕೆ ಎಂದು ಹೇಗೆ ಹೇಳಲಿ?
ಎಂಟು ವರ್ಷ ತಡೆದು ಆಲ್ವೀನೆಯ ಬಳಿಗೆ ಹೋದೆ,
ತಪ್ಪೊಪ್ಪಿಕೊಂಡೆ.
ಮುದುಕಿ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.
ರೂಬೆನ್ನನ ಹೊಗೆಯವರೆಗೂ ಕೇಳಿಸಿಕೊಂಡು
ಸಿಡುಕಿದಳು, ನಿಜವಾದ ಹೊಟ್ಟೆಕಿಚ್ಚಿನಿಂದ:
"ನನಗೆ ಯಾಕೆ ಹೊಳೆಯಲಿಲ್ಲ ಅದು?"
ಸ್ವಲ್ಪ ಹೊತ್ತಿನ ಮೇಲೆ,
"ಪುಸ್ತಕದಲ್ಲಿ ನನ್ನದೇ ಇರಲಿ. ಅವಳದು ಅವಳಿಗಿರಲಿ."

ಸ್ವಾತಂತ್ರ್ಯ ಬಂತು. ಆಲ್ವೀನೆ ಅಷ್ಟರಲ್ಲಿ ಇರಲಿಲ್ಲ.
ಪುಸ್ತಕ ಬಂತು, ಗಟ್ಟಿ ರಟ್ಟು, ಬಿಳಿ ಹಾಳೆ.
ಮೇತಾ ಕೋಲೂರಿಕೊಂಡು ಬಂದು ಪುಟ ತೆರೆದಳು,
ಉಗುರಿನಿಂದ ಆ ಸಾಲನ್ನು ಗೀರಿದಳು.
"ನೋಡು, ಯಾರೋ ಕೆಡಿಸಿದ್ದಾರೆ.
ನನ್ನ ಕೈ ನಡುಗುತ್ತೆ, ನೀನು ತಿದ್ದು."
ಪೆನ್ನು ಕೊಟ್ಟಳು.

ಬೀ ಹೊಡೆದುಹಾಕಿ ಎನ್ ಬರೆದೆ.
ಈ ಸಲ ಎಚ್ಚರವಿದ್ದೆ.