ಎಂಟು ಕಂಬ

ಐಸ್ ಫ್ಯಾಕ್ಟರಿಯ ಗೇಟಿನಿಂದ
ಮುರುಕು ಮೋರಿಯವರೆಗೆ ಎಂಟು ಕರೆಂಟು ಕಂಬ.
ಕೋಡಿಬಾಗದ ಈ ತುಂಡು ರಸ್ತೆ
ಬೆಳಗಿನ ಐದಕ್ಕೆ ಅದರದ್ದು.
ಕಂದು ಮೈ, ಒಂದು ಕಿವಿ ಮಡಚಿದೆ,
ಬೆನ್ನಿಗೆ ಮೂರು ಚಿಲ್ಲರೆ ಹಿಂಬಾಲಕರು.

ಬೈತಖೋಲಿನಲ್ಲಿ ಹರಾಜಿಗೆ ಮೊದಲು
ಮೀನಿನ ಪೆಟ್ಟಿಗೆ ಎಣಿಸಿ ಬರೆಯುವವಳು ನಾನು.
ಚಿತ್ತಾಕುಲದಿಂದ ಸೈಕಲ್ಲು, ಕಾಳಿ ಸೇತುವೆ, ಗಾಳಿ;
ಸೇತುವೆ ಇಳಿದ ಮೇಲೆ
ಎರಡೂ ಕಾಲು ಹ್ಯಾಂಡಲಿನ ತನಕ ಎತ್ತಿ
ದೇವರೇ ಎಂದು ಉರುಳುವುದು.
ಮೊದಲು ಚೂಡಿದಾರದ ಅಂಚು ಹೋಯಿತು.
ಆಮೇಲೆ ಮೀನಖಂಡಕ್ಕೆ ಎರಡು ಹಲ್ಲು,
ಜಿಲ್ಲಾಸ್ಪತ್ರೆಯಲ್ಲಿ ಸೂಜಿ, ಮತ್ತೆ ಸೂಜಿ,
ಹಳದಿ ಚೀಟಿಯಲ್ಲಿ ತಾರೀಕುಗಳ ಸಾಲು.

ಉಪದೇಶಕ್ಕೆ ಬರವಿಲ್ಲ.
ಪಾವಿನ ಪಾಸ್ಕು ಹೇಳಿದ: ನಿನ್ನೆಯ ಪಾವು ಎಸಿ.
ಎಸೆದೆ. ಮರುದಿನ ನಾಲ್ಕಿದ್ದದ್ದು ಏಳಾದವು.
ಪುರಸು ತಾಂಡೇಲ ಮುರಿದ ಹುಟ್ಟಿನ ತುಂಡು ಕೊಟ್ಟ;
ಬೀಸುವಾಗ ಬಿದ್ದದ್ದು ನಾನು.
ನಾದಿನಿ ಶೇವಂತಿ: ಬಸ್ಸಿಗೆ ಹೋಗೇ ಮಾರಾಯ್ತಿ.
ಐದಕ್ಕೆ ಯಾವ ಬಸ್ಸು?
ನಗರಸಭೆಗೆ ಅರ್ಜಿ ಕೊಟ್ಟೆ.
ನಾಯಿಯ ಹೆಸರು, ತಂದೆಯ ಹೆಸರು ಕೇಳಲಿಲ್ಲ,
ಅಷ್ಟೇ ಪುಣ್ಯ.

ಆವತ್ತು ಮೂರನೇ ಕಂಬದ ಹತ್ತಿರ ಚೈನು ಕಳಚಿತು.
ಇಳಿಯಲೇ ಬೇಕು. ಇಳಿದೆ.
ಓಡಿ ಬಂದದ್ದು ನಿಂತಿತು,
ಮದುವೆಗೆಂದು ಬಂದು
ತಿಥಿಯ ಮನೆ ಹೊಕ್ಕವರ ಹಾಗೆ.
ಚಕ್ರವನ್ನು ಮೂಸಿತು. ನನ್ನನ್ನಲ್ಲ.
ಎದೆ ಢವಢವ, ಬೆರಳಿಗೆ ಕರಿ ಮಡ್ಡಿ,
ಕುಕ್ಕರಗಾಲಲ್ಲಿ ಕೂತು ಚೈನು ಏರಿಸುವಾಗ
ಅದರ ಉಸಿರು ಮೊಣಕೈಗೆ ಬೆಚ್ಚಗೆ ತಾಗಿತು,
ಕೊಳೆತ ಬಂಗಡೆಯ ನಾತ.

ತಳ್ಳಿಕೊಂಡು ನಡೆದೆ. ಪಕ್ಕಕ್ಕೆ ಅದೂ.
ನಾಲ್ಕು, ಐದು, ಆರು.
ಮೋರಿ ಬಂತು. ಅಲ್ಲಿ ಗೋಡೆಯಿಲ್ಲ, ಬೋರ್ಡಿಲ್ಲ,
ಸುಣ್ಣದ ಗೆರೆಯೂ ಇಲ್ಲ.
ನಿಂತೇ ಬಿಟ್ಟಿತು.
ಮುಂಗಾಲು ಒಂದು ಇಂಚು ಆಚೆ ಇಡಲಿಲ್ಲ.

ಅಪ್ಪನ ಊರು ಬೈತಖೋಲಿನ ಆಚೆ,
ಈಗ ನೌಕಾನೆಲೆಯ ಗೋಡೆಯೊಳಗೆ.
ಎಬ್ಬಿಸಿದ ಮೇಲೂ ಎಷ್ಟೋ ವರ್ಷ
ಪಾತಿದೋಣಿಯಲ್ಲಿ ಅತ್ತಲೇ ಹುಟ್ಟು ಹಾಕುತ್ತಿದ್ದ,
ಕೆಂಪು ಬೋಯಾದವರೆಗೆ.
ಅಲ್ಲಿ ಹುಟ್ಟೆತ್ತಿ ಮೊಣಕಾಲ ಮೇಲಿಟ್ಟು
ನಮ್ಮ ತೆಂಗು ಎಣಿಸುತ್ತಿದ್ದ.
ಕಾವಲು ಬೋಟು ಸೀಟಿ ಊದಿದರೆ
ನಾವು ಮಕ್ಕಳು ಕೇಳಬಾರದ ಬೈಗುಳ ಬೈದು
ದೋಣಿ ತಿರುಗಿಸುತ್ತಿದ್ದ.
ಮರುದಿನ ಮತ್ತೆ.

ಈಗ ಫ್ಯಾಕ್ಟರಿ ಗೇಟಿನಲ್ಲೇ ಇಳಿಯುತ್ತೇನೆ.
ಎಂಟು ಕಂಬ ನಡಿಗೆ, ಏಳು ನಿಮಿಷ ತಡ;
ಸೂಪರ್‌ವೈಸರ್ ಬಾಬಣ್ಣ ಗಡಿಯಾರ ತೋರಿಸುತ್ತಾನೆ,
ನಾಯಿ ಅಂದರೆ ನಗುತ್ತಾನೆ.

ಹತ್ತೂವರೆಗೆ ಹಿಂದಿರುಗುವಾಗ
ಅದು ಟ್ರಕ್ಕಿನ ನೆರಳಲ್ಲಿ ಬಿದ್ದಿರುತ್ತದೆ,
ಮಡಚಿದ ಕಿವಿಯ ಮೇಲೆ ನೊಣ.
ಬೆಲ್ಲು ಹೊಡೆದರೂ ಕಣ್ಣು ತೆರೆಯುವುದಿಲ್ಲ.
ಆಗ ಸೈಕಲ್ಲು ಬಿಡಬಹುದು.
ಯಾರ ರಸ್ತೆಯೂ ಅಲ್ಲ ಅದು.