ಒದ್ದೆ ನಾಯಿ

ಹಗಲು ನಾನು ಹಲ್ಲು ಮಾಡುವವಳು.
ಬೆಂಡಿಗೋದಲ್ಲಿ, ಟ್ರಾಮು ತಿರುಗುವ ಮೂಲೆಯ ಮಹಡಿಯ ಮೇಲೆ
ಯಾರದೋ ಬಾಯಿಗೆ ಪಿಂಗಾಣಿಯ ಕಿರೀಟ.
ಸಂಜೆ ಅದೇ ಕೈ, ಅದೇ ಕುಂಚ:
ಮುಕ್ಕಾದ ಬಟ್ಟಲು, ಕಿವಿ ಹೋದ ಕಪ್ಪು, ಕತ್ತು ಮುರಿದ ಹೂಜಿ.
ಬೋರ್ಡು ಹಾಕಿಲ್ಲ. ಊರಿಗೆ ಗೊತ್ತು.

ಟ್ರೆಂಬಾತ್ ಮುದುಕ ಬಂದದ್ದು ಬಿಸ್ಕತ್ತು ಡಬ್ಬಿಯ ಸಮೇತ.
ಮುಚ್ಚಳದ ಮೇಲೆ ಬಣ್ಣ ಹೋದ ರಾಣಿ,
ಒಳಗೆ ಹತ್ತಿಯ ನಡುವೆ ಹನ್ನೊಂದು ಚೂರು.
ಮುತ್ತಜ್ಜನಿಗೆ ಗಣಿಯಲ್ಲಿ ಚಿನ್ನ ಸಿಕ್ಕ ವರ್ಷ
ಮೆಲ್ಬರ್ನಿನ ಹರಾಜಿನಲ್ಲಿ ಕೂಗಿ ಹಿಡಿದದ್ದಂತೆ.
'ಜಪಾನಿನದು, ಇಮಾರಿ' ಎಂದೆ.
'ಇರಬಹುದು.
ನಾವು ಭಾನುವಾರದ ತಟ್ಟೆ ಅನ್ನುತ್ತಿದ್ದೆವು.'

ಜೋಡಿಸುತ್ತ ಹೋದೆ.
ಮೊದಲು ನೀಲಿ ಬಂತು, ಗಾಜಿನ ಮೆರುಗಿನ ಅಡಿಗೆ ಅಡಗಿ
ಬೆಂಕಿಯಿಂದ ಬೆಂಕಿಗೆ ಹೋಗಿಯೂ ಕದಡದ ನೀಲಿ.
ಅದರ ಮೇಲೆ ಕಾವಿಗೆ ಹತ್ತಿರದ ಕೆಂಪು.
ಅದರ ಮೇಲೆ ಚಿನ್ನ,
ಚಾಕು ತಾಗಿದಲ್ಲೆಲ್ಲ ಸವೆದು ಬರೀ ನೆನಪು.
ಅಂಚಿನ ಸುತ್ತ ಪೈನು, ಬಿದಿರು, ಪ್ಲಮ್ ಹೂ,
ಚಳಿಗಾಲದ ಮೂವರು ಗೆಳೆಯರು:
ಒಬ್ಬ ಎಲೆ ಉದುರಿಸುವವನಲ್ಲ,
ಒಬ್ಬ ಬಾಗುತ್ತಾನೆ, ಮುರಿಯುವುದಿಲ್ಲ,
ಒಬ್ಬಳು ಹಿಮ ಕರಗುವ ಮೊದಲೇ
ಶಾಲು ಕೂಡ ಹೊದೆಯದೆ ಹೊರಗೆ ಬಂದು ನಿಂತವಳು.
ಒಳಗೆ ಅಲೆಗಳ ನೆತ್ತಿಯ ಮೇಲೆ ಓಡುವ ಮೊಲ,
ಬೆಳದಿಂಗಳಲ್ಲಿ ನೊರೆ ಯಾವುದು ಮೊಲ ಯಾವುದು ತಿಳಿಯದು.
ನಮ್ಮಲ್ಲೂ ಚಂದ್ರ ಶಶಿಯಾದದ್ದು ಇದನ್ನೇ ಹೊತ್ತು.
ಮೇಲೆ ಕ್ರೌಂಚ, ಸಾವಿರ ವರ್ಷದ ಆಯುಸ್ಸು,
ಕತ್ತು ಬಗ್ಗಿಸಿ ಕೆಳಗೆ ಯಾರನ್ನೋ ನೋಡುತ್ತಿದೆ.
ಕೆಳಗೆ ಯಾರೂ ಇಲ್ಲ.
ಹೆಬ್ಬೆರಳಿನಷ್ಟು ತೂತು.
ಹನ್ನೆರಡನೆಯ ಚೂರು ಡಬ್ಬಿಯಲ್ಲಿರಲಿಲ್ಲ.

ತೂತಿನ ಅಂಚಿಗೆ ಬಾಲವೊಂದೇ ಉಳಿದಿತ್ತು,
ನೀರಲ್ಲಿ ನೆನೆದ ಕೂದಲಿನ ಹಾಗೆ ಎಳೆ ಎಳೆ.
ನನಗೆ ಗೊತ್ತಿತ್ತು. ಆಮೆ.
ಎಷ್ಟು ಹಳೆಯದೆಂದರೆ ಬೆನ್ನ ಮೇಲೆ ಪಾಚಿ ಬೆಳೆದು
ಪಾಚಿಯೇ ಬಾಲವಾಗಿ ಹಿಂದೆ ಹರಿದು ಬರುತ್ತದೆ;
ಹತ್ತು ಸಾವಿರ ವರ್ಷ ಬಾಳು ಎಂದು
ಅಕ್ಷರ ಬಳಸದೆ ಹರಸುವ ಬಗೆ ಅದು.
ಹೇಳಿದೆ, ಕೊಂಚ ಜಂಬದಿಂದಲೇ.

ಮುದುಕ ತಲೆಯಾಡಿಸಿದ. 'ನಾಯಿ.
ಒದ್ದೆ ನಾಯಿ. ಕೆರೆಯಿಂದ ಈಗಷ್ಟೇ ಎದ್ದದ್ದು.
ಲೋರ್ನಾ ಅವನಿಗೆ ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದಳು.
ಸ್ಕೋನು ಖಾಲಿಯಾಗುತ್ತ ಬಂದಂತೆ ಮಕ್ಕಳು ಕೂಗುವರು,
ಕ್ಯಾಪ್ಟನ್ ಕಂಡ! ಕ್ಯಾಪ್ಟನ್ ಕಂಡ!
ಮೊದಲು ಕೂಗಿದವರಿಗೆ ಕೊನೆಯ ತುಂಡು.'

ಅವಳ ಕೈಯಿಂದಲೇ ಜಾರಿತಂತೆ, ಹೋದ ಜುಲೈಯಲ್ಲಿ.
ಆಮೇಲೆ ಚಮಚ ಜಾರಿತು.
ಆಮೇಲೆ ಮಕ್ಕಳ ಹೆಸರು, ಒಂದೊಂದಾಗಿ, ಹಿರಿಯವನಿಂದ ಶುರುವಾಗಿ.
ಕ್ಯಾಪ್ಟನ್ ಮಾತ್ರ ಕೊನೆತನಕ ಇದ್ದ.
ರಾತ್ರಿ ಎದ್ದು ಹಿತ್ತಲ ಬಾಗಿಲು ತೆಗೆದು ಕರೆಯುವಳಂತೆ.

ನನ್ನ ಪೆಟ್ಟಿಗೆಯಲ್ಲಿ ಬಿಳುಪಿಗೆ ಹದಿನಾರು ಬಗೆ.
ಈ ತಟ್ಟೆಯದು ಸಿಗರೇಟು ಮುಟ್ಟದ, ಟೀ ಬಿಡದ
ನಡುವಯಸ್ಸಿನ ಹಲ್ಲಿನ ಬಿಳುಪು.
ತೂತು ತುಂಬಿ, ಉಜ್ಜಿ, ಮೂರು ರಾತ್ರಿ ಸುಮ್ಮನೆ ನೋಡಿದೆ.
ಪುಸ್ತಕ ತೆರೆದರೆ ಆಮೆ.
ಮುಚ್ಚಿದರೆ ಮುದುಕನ ಮುಖ.
ಸುಳ್ಳು ಬರೆಯಬಾರದು, ಇದು ಈ ಕಸುಬಿನ ಮೊದಲ ಪಾಠ.
ಯಾವುದು ಸುಳ್ಳು ಎಂದು ಪಾಠದಲ್ಲಿ ಇರಲಿಲ್ಲ.

ಕೊನೆಗೆ ಬೆನ್ನಿಗೆ ಆರು ಮೂಲೆಯ ಮನೆಗಳನ್ನು ಬರೆದೆ,
ನೀಲಿಯಲ್ಲಿ, ತೀರಾ ತೆಳ್ಳಗೆ.
ಕತ್ತನ್ನು ಕ್ರೌಂಚದ ಕಡೆಗೆ ಎತ್ತಿಸಿದೆ.
ಕೆನ್ನೆಯ ಪಕ್ಕ ಮಡಿಕೆಯೊಂದು ಬೇಕಿತ್ತು, ಎಳೆದೆ.
ಅದು ಕೊಂಚ ಜೋತುಬಿದ್ದಿತು.
ಅಳಿಸಲಿಲ್ಲ.

ಶನಿವಾರ ಬಂದವನು ಕಿಟಕಿಗೆ ಹಿಡಿದು ನೋಡಿದ.
ಕೆಳಗೆ ಟ್ರಾಮೊಂದು ತಿರುಗಿ ಹೋಯಿತು, ಇನ್ನೊಂದೂ.
ಆಮೆ ಎನ್ನಲಿಲ್ಲ, ನಾಯಿ ಎನ್ನಲಿಲ್ಲ.
ಬಿಸಿನೀರಲ್ಲಿ ತೊಳೆಯಬಹುದೆ ಎಂದ.
ಬೇಡ, ಅಂಟು ಬಿಡುತ್ತದೆ, ಎಂದೆ.
'ಹಾಗಾದರೆ ತಣ್ಣೀರು,' ಎಂದ ಡಬ್ಬಿ ಮುಚ್ಚುತ್ತ,
'ಅವನಿಗೇನು, ಹೇಗೂ ಒದ್ದೆಯೇ ಅಲ್ಲವೆ.'