ಹೆಬ್ಬೆಟ್ಟು

ಗ್ರಿಮ್ಸ್‌ಬಿಯ ಈ ಶಾಲೆಯಲ್ಲಿ ನಾನು ಪಾಠ ಹೇಳುವವಳಲ್ಲ,
ಪಾಠದ ಹಿಂದಿನ ಕೋಣೆಯವಳು.
ಗಾಜು ತೊಳೆಯುತ್ತೇನೆ, ತಕ್ಕಡಿಯ ಸೊನ್ನೆ ಸರಿಮಾಡುತ್ತೇನೆ,
ಮೊದಲ ಗಂಟೆ ಹೊಡೆಯುವುದರೊಳಗೆ
ಮೂವತ್ತು ಮಕ್ಕಳಿಗಾಗುವಷ್ಟು ಆಸಿಡ್ಡನ್ನು
ಸಾಧು ಮಾಡಿಡುತ್ತೇನೆ.

ಸಿ ಒಂದು ವಿ ಒಂದು, ಸಿ ಎರಡು ವಿ ಎರಡು.
ಎರಡು ಮೋಲಾರಿನದು ಕಾಲು ಲೀಟರು,
ಅರ್ಧ ಮೋಲಾರಿನದು ಪೂರಾ ಲೀಟರು.
ಖಾರ ಇಳಿಯಿತು, ಒಳಗಿನ ಮೆಣಸಿನಕಾಯಿ ಅಷ್ಟೇ.
ನೆಂಟರು ಹೆಚ್ಚಾದಾಗ ಸಾರಿಗೆ ನೀರು ಬೆರೆಸಿದವರಿಗೆಲ್ಲ
ಈ ಸೂತ್ರ ಗೊತ್ತು,
ಸಮ ಚಿಹ್ನೆ ಹಾಕಲು ಬರುವುದಿಲ್ಲ, ಅಷ್ಟೆ.
ನೀರಿಗೆ ಆಸಿಡ್; ಆಸಿಡ್ಡಿಗೆ ನೀರಲ್ಲ.
ಮುಂಗೋಪಿಯ ಮನೆಗೆ ನೀನಾಗಿ ನುಗ್ಗಬೇಡ,
ಅವನೇ ಬರಲಿ, ಹನಿ ಹನಿಯಾಗಿ.

ನನಗೆ ಇದೆಲ್ಲ ತಲೆಗೆ ಹತ್ತಿದ್ದು ತಡವಾಗಿ.
ಹಿರಿಯೂರಿನ ಹೈಸ್ಕೂಲಿನಲ್ಲಿ, ಮಗ್ಗಿಯ ರಾಗದಲ್ಲೇ,
'ಜವ ಸಮ ದೂರ ಭಾಗಿಸು ಕಾಲ' ಎಂದು ಕೂಗಿ
ನೂರಕ್ಕೆ ಎಂಬತ್ತೆಂಟು ತೆಗೆದವಳು;
ದೂರ ಯಾರದು, ಕಾಲ ಯಾರದು
ಎಂದು ಒಮ್ಮೆಯೂ ಕೇಳದವಳು.

ಇಲ್ಲಿ ಸೂತ್ರಕ್ಕೊಂದು ತ್ರಿಕೋನ ಬರೆಯುತ್ತಾರೆ.
ಮೇಲೊಂದು ಅಕ್ಷರ, ಕೆಳಗೆರಡು.
ಗೊತ್ತಿಲ್ಲದ್ದನ್ನು ಹೆಬ್ಬೆರಳಿನಿಂದ ಮುಚ್ಚು,
ಉಳಿದದ್ದೇ ದಾರಿ.
'ಸೋಮಾರಿಗಳ ಊರುಗೋಲು' ಎನ್ನುತ್ತಾರೆ ಓಲ್ಡ್‌ರಾಯ್ಡ್ ಮೇಷ್ಟ್ರು.
ಇರಬಹುದು.
ಕುಂಟುವವರಿಗೆ ಅದೂ ಒಂದು ಕಾಲೇ.

ನಮ್ಮ ಚಿಕ್ಕಮ್ಮ ಹೆಬ್ಬೆಟ್ಟು.
ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಕಟ್ಟುತ್ತಿದ್ದಳು.
ಸೋಡಾ ನೀರನ್ನು ನಾಲಿಗೆಗೆ ತಾಗಿಸಿ
ಚುರ್ ಎಂದರೆ 'ಹದ',
ಉರಿದರೆ 'ಇನ್ನೊಂದು ಚೊಂಬು ಹಾಕು'.
ತಪ್ಪಿದ್ದು ನಾನು ಕಾಣೆ.
ಕೂಲಿ ಪುಸ್ತಕದಲ್ಲಿ ಮಾತ್ರ
ಅವಳ ಹೆಸರಿನೆದುರು ಒಂದು ನೇರಳೆ ಸುಳಿ.
ಬರೆದದ್ದೆಷ್ಟು, ಕೈಗೆ ಬಂದದ್ದೆಷ್ಟು,
ಆ ಬೆರಳಿನಡಿ ಮುಚ್ಚಿಹೋದದ್ದೆಷ್ಟು,
ಉಳಿದದ್ದರಿಂದ ಅದನ್ನು ಕಂಡುಹಿಡಿಯಬಹುದೆಂದು
ಅವಳಿಗೆ ಯಾರೂ ಹೇಳಿಕೊಡಲಿಲ್ಲ.

ಜನವರಿ. ಮೂರೂವರೆಗೇ ದೀಪ.
ಹಂಬರ್ ನದಿಯ ಕಡೆಯಿಂದ ಗಾಳಿ.
ಗಂಟೆ ಹೊಡೆದರೂ ಟೀಗನ್ ಮನೆಗೆ ಹೊರಡಲಿಲ್ಲ,
ರೇಡಿಯೇಟರಿಗೆ ಬೆನ್ನು ಕೊಟ್ಟು ನಿಂತಿದ್ದಳು.
'ಮಿಸ್, ಮೀಟರಿನಲ್ಲಿ ಒಂದೇ ಪೌಂಡ್ ಇದೆ.
ಅಮ್ಮ ಮೀನಿನ ಫ್ಯಾಕ್ಟರಿಯಿಂದ ಬರುವುದು ಹತ್ತಕ್ಕೆ.
ತಮ್ಮನಿಗೆ ಕೆಮ್ಮು.
ಹೀಟರ್ ಎಷ್ಟು ಹೊತ್ತು ಉರಿಯುತ್ತೆ?'

ನಾನು ಪೆನ್ಸಿಲ್ ಕೊಟ್ಟೆ, ಉತ್ತರ ಕೊಡಲಿಲ್ಲ.

ಯೂನಿಟ್ಟಿಗೆ ಇಪ್ಪತ್ತೈದು ಪೆನ್ಸ್; ಪೌಂಡಿಗೆ ನಾಲ್ಕು ಯೂನಿಟ್.
ಹೀಟರಿನ ಬೆನ್ನಿನ ಮೇಲಿರುವುದು ಎರಡು ಕಿಲೋವ್ಯಾಟ್,
ಅದು ಅವಳಿಗೆ ಬಾಯಿಪಾಠ.
ತ್ರಿಕೋನ ಬರೆದಳು:
ಮೇಲೆ ಶಕ್ತಿ, ಕೆಳಗೆ ಸಾಮರ್ಥ್ಯ ಮತ್ತು ಕಾಲ.
ಕಚ್ಚಿ ಕಚ್ಚಿ ಮೊಂಡಾದ ಉಗುರಿನ ಹೆಬ್ಬೆರಳನ್ನು
ಕಾಲದ ಮೇಲಿಟ್ಟಳು.

'ಎರಡು ಗಂಟೆ.'

ಸ್ವಲ್ಪ ಹೊತ್ತು ಬೆರಳು ಎತ್ತಲಿಲ್ಲ.
ಆಮೇಲೆ ತಾನೇ:
'ಒಂದೇ ಸರಳು ಹಚ್ಚಿದರೆ ನಾಲ್ಕು.
ಆರರವರೆಗೆ ಕಂಬಳಿಯೊಳಗೆ ಇದ್ದರೆ, ಹತ್ತು.'

ಲೆಕ್ಕ ಸರಿಯಾಗಿತ್ತು.
ಸರಿ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ.
ಚೀಲ ಹೆಗಲಿಗೇರಿಸಿ ಅವಳು ಹೋದಳು,
ಕಾಗದದ ಮೇಲೆ ಸೀಸದ ಮಸಿಯ ಒಂದು ಸುಳಿ ಬಿಟ್ಟು.
ನಾನು ಫ್ಲಾಸ್ಕುಗಳ ಕಡೆ ತಿರುಗಿದೆ.

ಬಾಗಿಲು ಮತ್ತೆ ತೆರೆಯಿತು.
'ಮಿಸ್, ಕೆಟಲ್!
ಕೆಟಲನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ.'
ಒದ್ದೆ ಕೈ ಒರೆಸಿಕೊಂಡು
ಪೆನ್ಸಿಲ್ ಎಲ್ಲಿಟ್ಟೆನೆಂದು ಹುಡುಕಿದೆ.